ಪ್ರಸಾದನಿಲಯದಲ್ಲಿ ಕೇಳುವವರಾರು?

ಕಾಲೇಜುಗಳು ತೆರೆಯುವ ದಿನಗಳಲ್ಲಿ ಗುಂಡ್ಲುಪೇಟೆಯ ಬಸ್ಸು ನಿಲ್ದಾಣದಲ್ಲಿ ಮುಂಜಾನೆ ನಿಂತು ನೋಡಿದವರಿಗೆ ಪರಿಚಿತವಾದ ಒಂದು ದೃಶ್ಯವುಂಟು. ಮಗಳ ಪೆಟ್ಟಿಗೆಯನ್ನು ಬಸ್ಸಿನೊಳಗೆ ಇರಿಸಿ ಕೆಳಗಿಳಿದು ಬಂದ ತಂದೆ ಕಿಟಕಿಯ ಸರಳು ಹಿಡಿದು ನಿಂತಿರುತ್ತಾನೆ. ಹೇಳಬೇಕಾದ ಮಾತು ಬಹಳವಿರುತ್ತದೆ. ಹೇಗೆ ಹೇಳಬೇಕೆಂಬುದು ತಿಳಿಯದು. ಕಡೆಗೆ "ಚೆನ್ನಾಗಿ ಓದ್ಕೊ ಕೂಸು" ಎಂದಷ್ಟೇ ಹೇಳಿ ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಳ್ಳುತ್ತಾನೆ. ಆ ರೈತನಿಗೆ ಅರಿಶಿನವನ್ನು ಯಾವಾಗ ಅಗೆಯಬೇಕೆಂಬುದು ಗೊತ್ತು. ಬಾಳೆಯ ಧಾರಣೆ ಯಾವಾಗ ಕುಸಿಯುವುದೆಂಬುದು ಗೊತ್ತು. ಸೂರ್ಯಕಾಂತಿಯ ಹೊಲಕ್ಕೆ ಮಳೆ ಎಷ್ಟು ದಿನ ತಡೆದರೆ ನಷ್ಟವೆಂಬುದೂ ಗೊತ್ತು. ಆದರೆ ಮಗಳು ಹೋಗಿ ಸೇರುವ ವಿದ್ಯಾಮಂದಿರದ ಒಳಗಿನ ಹವೆ ಅವನ ಅನುಭವಕ್ಕೆ ಬಂದುದಲ್ಲ. ಅವನ ಮನೆತನದಲ್ಲಿ ಆ ಬಾಗಿಲನ್ನು ದಾಟುತ್ತಿರುವವಳು ಅವಳೇ ಮೊದಲಿಗಳು.

ಇಂತಹ ಮಕ್ಕಳಿಗೆ ಊಟ, ವಸತಿ, ಶುಲ್ಕ, ಪುಸ್ತಕ ಇಷ್ಟನ್ನು ಒದಗಿಸಿಬಿಟ್ಟರೆ ಸಮಾಜದ ಋಣವು ತೀರಿತೆ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಮೇಲ್ನೋಟಕ್ಕೆ ಇದು ಅತೃಪ್ತರ ಪ್ರಶ್ನೆಯಂತೆ ತೋರಬಹುದು. ಕೊಟ್ಟವರನ್ನು ಕೊಂಡಾಡದೆ ಇನ್ನೂ ಏನನ್ನು ಕೊಡಲಿಲ್ಲವೆಂದು ಹುಡುಕುವುದು ಸೌಜನ್ಯವಲ್ಲವೆಂದು ಕೆಲವರು ಹೇಳಬಹುದು. ಆದರೆ ಪ್ರಶ್ನೆಯು ಹುಟ್ಟುವುದು ಕೊಟ್ಟವರ ಔದಾರ್ಯದ ಮೇಲಣ ಸಂಶಯದಿಂದಲ್ಲ. ಅಷ್ಟು ಕೊಟ್ಟ ಮೇಲೆಯೂ ನಡುದಾರಿಯಲ್ಲಿ ಓದು ಬಿಟ್ಟು ಮನೆಗೆ ಮರಳುವ ಮಕ್ಕಳನ್ನು ಕಂಡು.

ಕೊಟ್ಟವರ ಪರಂಪರೆಯಾದರೋ ಅಲ್ಪವಾದುದಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಹೋದರು. ೧೯೦೩ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿದ ಗುಬ್ಬಿ ತೋಟದಪ್ಪನವರು ದಾರಿಹೋಕರ ಜೊತೆಗೆ ವಿದ್ಯಾರ್ಥಿಗಳನ್ನೂ ನೆನೆದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಮತ್ತು ಅವರ ತರುವಾಯ ಶಿವಕುಮಾರ ಸ್ವಾಮಿಗಳು ಅನ್ನದೊಡನೆ ಅಕ್ಷರವನ್ನು ಬಡಿಸಿದ ಕಥೆ ಕನ್ನಡ ನಾಡಿನಲ್ಲಿ ಯಾರಿಗೂ ಹೊಸದಲ್ಲ.

ಚಾಮರಾಜನಗರದ ಸೀಮೆಯವರಿಗೆ ಇವೆಲ್ಲಕ್ಕಿಂತ ಹತ್ತಿರವಾದುದು ಸುತ್ತೂರು ಮಠದ ಕಥೆ. ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಸ್ವತಃ ಮೈಸೂರಿನಲ್ಲಿ ಓದಿದವರು. ಹಳ್ಳಿಯ ಹುಡುಗರು ಆ ಪಟ್ಟಣದಲ್ಲಿ ಒಂದು ಹೊತ್ತಿನ ಊಟಕ್ಕಾಗಿ ಪಡುತ್ತಿದ್ದ ಪಾಡನ್ನು ಅವರು ಯಾರ ಬಾಯಿಂದಲೂ ಕೇಳಬೇಕಾಗಿರಲಿಲ್ಲ. ೧೯೪೧ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳಿಗಾಗಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವೊಂದನ್ನು ತೆರೆದರು. ಅದು ಮಹಾಯುದ್ಧದ ಕಾಲ. ಧಾನ್ಯವು ದುಬಾರಿಯಾಗಿದ್ದ ಕಾಲ. ಆ ಸಣ್ಣ ಅಡುಗೆಮನೆಯಿಂದ ಆರಂಭವಾದುದು ೧೯೫೪ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವಾಯಿತು. ಮಹಾಸ್ವಾಮಿಗಳು ೧೯೮೬ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಶಾಲೆಗಳಿಂದ ಹಿಡಿದು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳವರೆಗೆ ಅದರ ಕೊಂಬೆಗಳು ಹರಡಿದ್ದವು. ಕೊಂಬೆಗಳನ್ನು ಎಣಿಸುವವರು ಬೇರನ್ನು ಮರೆಯುವುದುಂಟು. ಇಲ್ಲಿ ಬೇರೆಂದರೆ ಕಟ್ಟಡವೂ ಅಲ್ಲ, ಹಣವೂ ಅಲ್ಲ. ತಾನು ವಿದ್ಯಾರ್ಥಿಯಾಗಿದ್ದಾಗ ಪಕ್ಕದಲ್ಲಿ ಕುಳಿತವನ ಮುಖವನ್ನು ನೋಡಿದ ಒಬ್ಬ ಯುವಕ ಸ್ವಾಮಿಯ ಕಣ್ಣು.

ಆ ಕಣ್ಣು ಇಲ್ಲದೆಡೆಯಲ್ಲಿ ಏನಾಗುವುದೆಂಬುದಕ್ಕೆ ಶರಣರ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಅದನ್ನು ಸದ್ಭಕ್ತರು ಪುರಾಣಪ್ರವಚನಗಳಲ್ಲಿ ಅನೇಕ ಬಾರಿ ಕೇಳಿರುತ್ತಾರೆ. ಆದರೆ ವಿದ್ಯಾರ್ಥಿನಿಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿರುವುದು ವಿರಳ. ಮರುಳಶಂಕರದೇವರ ಸಂಗತಿಯೇ ಅದು. ಬಸವಣ್ಣನವರ ಕೀರ್ತಿಯನ್ನು ಕೇಳಿ ದೂರದ ದೇಶದಿಂದ ಕಲ್ಯಾಣಕ್ಕೆ ಬಂದ ಆ ಶರಣರು ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರ್ಷ ಇದ್ದರು. ಅಲ್ಲಿ ಪ್ರಸಾದಕ್ಕೆ ಕೊರತೆಯಿರಲಿಲ್ಲ. ಬಂದವರನ್ನು ಬೇಡವೆನ್ನುವ ಮನೆಯೂ ಅದಲ್ಲ. ಹಗಲಿರುಳು ಸಾವಿರಾರು ಮಂದಿ ಉಂಡು ಹೋಗುತ್ತಿದ್ದ ಆ ಮನೆಯಲ್ಲಿ, ಮೂಲೆಯಲ್ಲಿರುವ ಈತನು ಯಾರು, ಯಾವುದಕ್ಕಾಗಿ ಬಂದನು, ಈತನಿಗೆ ಏನು ಬೇಕು ಎಂದು ಹನ್ನೆರಡು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಮರುಳನೆಂದು ಬಗೆದು ನಡೆದರು. ಕಡೆಗೆ ಅಲ್ಲಮಪ್ರಭುಗಳು ಬಂದು ಆ ಮೂಲೆಯತ್ತ ನೋಡಿ ನಿಂತಾಗಲೇ ಒಳಗಿದ್ದ ಮಹಿಮೆ ಬೆಳಕಿಗೆ ಬಂದಿತು. ತನ್ನ ಮನೆಯಲ್ಲಿಯೇ ಇದ್ದವರನ್ನು ತಾನು ಅರಿಯದೆ ಹೋದೆನೆಂದು ಬಸವಣ್ಣನವರು ಪರಿತಪಿಸಿದರು.

ಈ ಕಥೆಯನ್ನು ಸಾಮಾನ್ಯವಾಗಿ ಮರುಳಶಂಕರದೇವರ ವಿನಯಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ಅದರಲ್ಲಿ ಮನೆಯವರ ಪಾಲಿನ ಪಾಠವೂ ಇದೆ. ಜಗತ್ತಿನಲ್ಲಿಯೇ ಅತ್ಯಂತ ಉದಾರವಾದ ದಾಸೋಹದ ಮನೆಯಲ್ಲಿಯೂ, ಬಸವಣ್ಣನವರಂತಹ ಯಜಮಾನರಿದ್ದಾಗಲೂ, ಒಬ್ಬನು ಹನ್ನೆರಡು ವರ್ಷ ಕಾಣದೆ ಉಳಿಯಬಲ್ಲನೆಂದ ಮೇಲೆ, ನೂರಾರು ಮಕ್ಕಳು ಮೂರು ವರ್ಷ ಉಂಡು ಮಲಗಿ ಹೋಗುವ ವಿದ್ಯಾರ್ಥಿನಿಲಯದಲ್ಲಿ ಎಷ್ಟು ಮಂದಿ ಕಾಣದೆ ಉಳಿಯುವುದಿಲ್ಲ? ಮರುಳಶಂಕರದೇವರು ಸಿದ್ಧಪುರುಷರು, ಅವರಿಗೆ ಕಾಯುವ ಶಕ್ತಿಯಿದ್ದಿತು. ಹದಿನೆಂಟರ ಹುಡುಗನಿಗೆ ಅಷ್ಟು ಕಾಯುವ ಶಕ್ತಿಯೂ ಇಲ್ಲ, ಕಾಲವೂ ಇಲ್ಲ.

ತೆರಕಣಾಂಬಿಯ ಕಡೆಯಿಂದ ಬಂದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಬಹುದು. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿ ಓದಿ ಊರಿಗೇ ಮೊದಲಿಗನೆನಿಸಿದವನು. ಕಾಲೇಜಿನಲ್ಲಿ ವಿಜ್ಞಾನದ ಪಾಠವು ಇಂಗ್ಲಿಷಿನಲ್ಲಿ ನಡೆಯುತ್ತದೆ. ಮೊದಲ ತಿಂಗಳು ಅರ್ಥವಾಗದುದನ್ನು ನಾಳೆ ಅರ್ಥವಾದೀತೆಂದು ಬಿಡುತ್ತಾನೆ. ಎರಡನೆಯ ತಿಂಗಳು ಕೇಳಲು ನಾಚುತ್ತಾನೆ, ಏಕೆಂದರೆ ಮೊದಲ ತಿಂಗಳಿನದನ್ನು ಕೇಳಬೇಕಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯಗಳು ಉಳಿಯುತ್ತವೆ. ಉಳಿದ ವಿಷಯವನ್ನು ಮತ್ತೆ ಬರೆಯಬಹುದು, ಅದರಿಂದ ಬಾಳು ಮುಳುಗುವುದಿಲ್ಲ ಎಂಬ ಸಾಧಾರಣವಾದ ಮಾತನ್ನು ಅವನಿಗೆ ಹೇಳುವವರಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಕಳೆದುಹೋದದ್ದು ಅವನಿಗೆ ತಿಳಿಯುವುದು ಆ ದಿನ ಕಳೆದ ಮೇಲೆ. ಊರಿಗೆ ಹೋದಾಗ "ಎಲ್ಲ ಪಾಸಾಯ್ತಾ ಮಗ?" ಎಂದು ತಾಯಿ ಕೇಳಿದರೆ ತಲೆಯಾಡಿಸುತ್ತಾನೆ. ಅಂದಿನಿಂದ ಒಂದು ಸುಳ್ಳನ್ನು ಕಾಪಾಡುವುದೇ ಅವನ ಮುಖ್ಯ ವಿದ್ಯಾಭ್ಯಾಸವಾಗುತ್ತದೆ. ಎರಡನೆಯ ವರ್ಷದ ನಡುವೆ ಅವನು ಹಾಸ್ಟೆಲಿನಲ್ಲಿ ಕಾಣುವುದಿಲ್ಲ. ಅವನ ಹಾಸಿಗೆಯ ಜಾಗಕ್ಕೆ ಮತ್ತೊಬ್ಬನು ಬರುತ್ತಾನೆ. ಅನ್ನದ ಲೆಕ್ಕದಲ್ಲಿ ವ್ಯತ್ಯಾಸವೇನೂ ತೋರುವುದಿಲ್ಲ.

ಇಲ್ಲಿ ಕೊರತೆಯಾದುದು ಬುದ್ಧಿಯಲ್ಲ, ಹಣವೂ ಅಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಎದುರು ಕುಳಿತು "ಈ ವಾರ ಯಾವುದು ತಿಳಿಯಲಿಲ್ಲ?" ಎಂದು ಕೇಳುವ ಒಬ್ಬ ಹಿರಿಯನ ಕೊರತೆ. ಹಿಂದಿನ ಕಾಲದ ವಾರಾನ್ನದ ಪದ್ಧತಿಯಲ್ಲಿ ಎಷ್ಟೋ ಅವಮಾನಗಳಿದ್ದವು. ಅದು ಹೋದುದು ಒಳ್ಳೆಯದೇ. ಆದರೂ ಸೋಮವಾರದ ಮನೆಯ ತಾಯಿ ಬಡಿಸುತ್ತ "ಯಾಕಪ್ಪ, ಮುಖ ಬಾಡಿದೆ?" ಎಂದು ಕೇಳಿದಾಗ ಹುಡುಗನ ಒಳಗು ಹೊರಗೆ ಬರುತ್ತಿದ್ದಿತು. ದೊಡ್ಡ ಅಡುಗೆಮನೆ ಬಂದಾಗ ಅವಮಾನವು ಹೋಯಿತು, ಅದರ ಜೊತೆಗೆ ಆ ತಾಯಿಯ ಪ್ರಶ್ನೆಯೂ ಹೋಯಿತು.

ಇಂದು ಚಾಮರಾಜನಗರದ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲುಗಳು ಅಜ್ಜಂದಿರ ಕಾಲಕ್ಕಿಂತ ಎಷ್ಟೋ ಹತ್ತಿರ ಬಂದಿವೆ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದಾಗ ಈ ಸೀಮೆಯವರು ಕಾಲೇಜು ಓದಬೇಕಾದರೆ ಮೈಸೂರಿಗೇ ಹೋಗಬೇಕಾಗಿದ್ದಿತು. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ೨೦೦೭ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ೨೦೧೬ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಸುವರ್ಣಗಂಗೋತ್ರಿಯು ೨೦೨೩ರಲ್ಲಿ ಚಾಮರಾಜನಗರ ವಿಶ್ವವಿದ್ಯಾನಿಲಯವೆನಿಸಿತು. ಬಾಗಿಲು ಹತ್ತಿರವಾದಷ್ಟೂ ಅದನ್ನು ದಾಟುವವರು ಹೆಚ್ಚುವರು. ದಾಟಿದವರನ್ನು ಒಳಗೆ ಕೈಹಿಡಿದು ಕರೆದೊಯ್ಯುವವರೂ ಅದಕ್ಕೆ ತಕ್ಕಂತೆ ಹೆಚ್ಚಬೇಕಷ್ಟೆ.

ಸರ್ಕಾರದ ಕಡೆಯಿಂದ ಈ ವಿಷಯದ ಯೋಚನೆಯು ಆಗಿಲ್ಲವೆಂದು ಹೇಳಲಾಗದು. ಕಾಲೇಜುಗಳ ಗುಣವನ್ನು ತೂಗುವ ರಾಷ್ಟ್ರೀಯ ಮಂಡಲಿಯೊಂದು ೧೯೯೪ರಿಂದ ಬೆಂಗಳೂರಿನಲ್ಲಿದೆ. ಒಬ್ಬ ಮಾರ್ಗದರ್ಶಕನ ಪಾಲಿಗೆ ಎಷ್ಟು ವಿದ್ಯಾರ್ಥಿಗಳೆಂಬುದನ್ನೂ ಅದು ಕಾಲೇಜುಗಳಿಂದ ಕೇಳಿ ಪಡೆದಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೯ರಲ್ಲಿ ಹೊಸ ವಿದ್ಯಾರ್ಥಿಗಳನ್ನು ಕಾಲೇಜಿನ ಬಾಳಿಗೆ ಪರಿಚಯಿಸುವ ಕಾರ್ಯಕ್ರಮವನ್ನು ರೂಪಿಸಿ ಅದಕ್ಕೆ 'ದೀಕ್ಷಾರಂಭ'ವೆಂದು ಹೆಸರಿಟ್ಟಿತು. ಹೆಸರಿಟ್ಟವರು ವೀರಶೈವರ ದೀಕ್ಷೆಯನ್ನು ನೆನೆದು ಇಟ್ಟರೆಂದು ಹೇಳಲು ಕಾರಣವಿಲ್ಲ. ಆದರೆ ಆ ಪದವು ಕಿವಿಗೆ ಬಿದ್ದೊಡನೆ ಲಿಂಗಾಯತ ಗೃಹಸ್ಥನ ಮನಸ್ಸಿನಲ್ಲಿ ಮೂಡತಕ್ಕ ಚಿತ್ರವು ಬೇರೊಂದು ಬಗೆಯದು. ಮಾರ್ಗದರ್ಶನವೆಂದರೇನೆಂಬುದನ್ನು ಆ ಚಿತ್ರವು ಯಾವ ಸುತ್ತೋಲೆಗಿಂತಲೂ ಚೆನ್ನಾಗಿ ತಿಳಿಸುವುದು.

ದೀಕ್ಷೆಯಲ್ಲಿ ಗುರುವು ಮಾಡುವುದೇನು? ಇಷ್ಟಲಿಂಗವನ್ನು ಶಿಷ್ಯನ ಅಂಗೈಯಲ್ಲಿ ಇರಿಸುತ್ತಾನೆ. ಅಲ್ಲಿಂದ ಮುಂದೆ ಪೂಜೆಯು ಶಿಷ್ಯನದು, ದೃಷ್ಟಿಯು ಶಿಷ್ಯನದು, ಅಂಗೈಯೂ ಶಿಷ್ಯನದೇ. ಗುರುವಿನ ಕೈ ಆ ಲಿಂಗದ ಮೇಲೆ ನಿತ್ಯವೂ ಊರಿಕೊಂಡಿರುವುದಿಲ್ಲ. ಶಿಷ್ಯನಿಗೆ ಬದಲಾಗಿ ತಾನು ಪೂಜೆ ಮಾಡುವೆನೆಂದು ಯಾವ ಗುರುವೂ ಹೇಳುವುದಿಲ್ಲ. ಹೇಳಿದರೆ ಅದು ದೀಕ್ಷೆಯಾಗದು. ಹಾಗೆಂದು ಲಿಂಗವನ್ನು ಬೀದಿಯಲ್ಲಿಟ್ಟು ಬೇಕಾದವರು ಎತ್ತಿಕೊಳ್ಳಲಿ ಎಂದೂ ಹೇಳುವುದಿಲ್ಲ. ಒಬ್ಬೊಬ್ಬನನ್ನೂ ಎದುರು ಕುಳ್ಳಿರಿಸಿಕೊಂಡು, ಅವನ ಕಿವಿಯಲ್ಲಿಯೇ ಮಂತ್ರವನ್ನು ಹೇಳಿ, ಅವನ ಕೈಯಲ್ಲಿಯೇ ಕೊಡುತ್ತಾನೆ. ಕಿವಿಯ ಹತ್ತಿರಕ್ಕೆ ಬಾಗುವುದೂ ಕೈಯನ್ನು ಹಿಂತೆಗೆಯುವುದೂ ಎರಡೂ ಸೇರಿದರೇ ದೀಕ್ಷೆ. ಮಾರ್ಗದರ್ಶಕರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದು, ವರ್ಷಕ್ಕೆ ಎರಡು ಸಲ ವಿದ್ಯಾರ್ಥಿಗಳ ರುಜು ಪಡೆದು ಕಡತವನ್ನು ಕಟ್ಟಿಡುವ ಕಡೆಗಳಲ್ಲಿ ಮೊದಲನೆಯದೂ ಇಲ್ಲ, ಎರಡನೆಯದೂ ಇಲ್ಲ. ಅಂತಹ ಕಡತಗಳು ಇಲ್ಲವೆಂದು ಹೇಳಲು ಯಾರಿಗೂ ಧೈರ್ಯ ಬಾರದು.

ಈ ಮಾತಿಗೆ ಪ್ರಬಲವಾದ ಒಂದು ಆಕ್ಷೇಪವುಂಟು. ಶರಣರು ಅರಿವನ್ನೇ ಗುರುವೆಂದು ಸಾರಿದರಲ್ಲವೆ? ತನ್ನನ್ನು ತಾನು ಅರಿಯಬೇಕಾದವನಿಗೆ ಹೆಜ್ಜೆಹೆಜ್ಜೆಗೂ ಸಲಹೆ ಹೇಳುತ್ತ ಹೋದರೆ ಅವನು ಊರುಗೋಲಿಲ್ಲದೆ ನಡೆಯಲಾರದವನಾಗುವುದಿಲ್ಲವೆ? ಕಷ್ಟಪಟ್ಟು ಓದಿದ ಹಿಂದಿನವರಿಗೆ ಯಾವ ಮಾರ್ಗದರ್ಶಕನಿದ್ದನು? ಈ ಕಡೆಯ ಪ್ರಶ್ನೆಯನ್ನು ಕೇಳುವವರು ಗೆದ್ದು ಬಂದವರು ಮಾತ್ರ ಎಂಬುದನ್ನು ಗಮನಿಸಬೇಕು. ಸೋತು ಮರಳಿದವರು ಸಭೆಗಳಲ್ಲಿ ಮಾತನಾಡುವುದಿಲ್ಲ. ಆದರೆ ಮೊದಲ ಪ್ರಶ್ನೆಯು ಹಗುರವಾದುದಲ್ಲ. ಮುಕ್ತಾಯಕ್ಕನ ಪ್ರಸಂಗವು ಅದೇ ಪ್ರಶ್ನೆಯಾಗಿದೆ. ಅಣ್ಣನಾದ ಅಜಗಣ್ಣನೇ ಆಕೆಗೆ ಗುರು. ಆತನು ಬಯಲಾದಾಗ ಆಕೆಯ ದುಃಖಕ್ಕೆ ಎಲ್ಲೆಯಿಲ್ಲ. ಅಲ್ಲಮಪ್ರಭುಗಳು ಆ ದುಃಖವನ್ನು ತಟ್ಟಿ ಮಲಗಿಸಲಿಲ್ಲ, ವಾದಕ್ಕೆ ಕರೆದರು. ಆಕೆಯೂ ಸುಲಭವಾಗಿ ಒಪ್ಪಲಿಲ್ಲ, ಪ್ರಭುಗಳನ್ನೇ ಮರುಪ್ರಶ್ನಿಸಿದಳು. ಆ ಸಂವಾದದಲ್ಲಿ ಬೆಳಗಿದ ಸಂಗತಿಯೇನೆಂದರೆ, ಗುರುವು ಕೊಟ್ಟುದು ಶಿಷ್ಯೆಯ ಒಳಗೇ ಇರುವಾಗ ಗುರುವನ್ನು ಹೊರಗೆ ಹುಡುಕಿ ಅಳುವುದೇಕೆ ಎಂಬುದು. ಅಜಗಣ್ಣನ ಉಪದೇಶವು ಆಕೆಯನ್ನು ಕುಂಟಿಯನ್ನಾಗಿ ಮಾಡಿರಲಿಲ್ಲ. ಅಲ್ಲಮರಿಗೆ ಎದುರು ನಿಂತು ವಾದಿಸುವಷ್ಟು ಬಲವನ್ನು ಆ ಉಪದೇಶವೇ ಕೊಟ್ಟಿದ್ದಿತು.

ಸಲಹೆಯು ಊರುಗೋಲಾಗುವುದು ಸಲಹೆಗಾರನು ವಿದ್ಯಾರ್ಥಿಯ ಪರವಾಗಿ ತಾನೇ ತೀರ್ಮಾನಿಸಿದಾಗ. ಯಾವ ವಿಷಯವನ್ನು ಆರಿಸಬೇಕೆಂದು ಕೇಳಿ ಬಂದವನಿಗೆ "ಇದನ್ನು ಆರಿಸು" ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದು ಸುಲಭ. ಅದರಿಂದ ಇಬ್ಬರ ಹೊತ್ತೂ ಉಳಿಯುವುದು. ಅದರ ಬದಲು, ಯಾವ ಪಾಠವನ್ನು ಓದುವಾಗ ಹೊತ್ತು ಹೋದುದೇ ತಿಳಿಯಲಿಲ್ಲ, ಯಾವುದನ್ನು ಯಾರಿಗೋ ಹೆದರಿ ಓದಿದೆ, ಮನೆಯಲ್ಲಿ ಎಷ್ಟು ವರ್ಷ ಕಾಯುವ ಶಕ್ತಿಯಿದೆ ಎಂದು ಅವನ ಬಾಯಿಂದಲೇ ಹೊರಡಿಸುವುದು ಕಷ್ಟ. ಅದಕ್ಕೆ ತಾಳ್ಮೆ ಬೇಕು. ತನ್ನ ಅಭಿಪ್ರಾಯವನ್ನು ನುಂಗಿಕೊಳ್ಳುವ ಶಕ್ತಿಯೂ ಬೇಕು. ಎರಡನೆಯದು ವಿದ್ವಾಂಸರಿಗೆ ಬಹಳ ಕಷ್ಟವಾದುದು.

ಇನ್ನೂ ಕಠಿನವಾದ ಸಂದರ್ಭಗಳಿವೆ. ಪದವಿಯ ಕಡೆಯ ವರ್ಷದಲ್ಲಿರುವ ಮಗಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಿದೆ. ಮುಂದೆ ಓದಬೇಕೆಂಬುದು ಮಗಳ ಆಸೆ. ತಂದೆಯು ಆಕೆಯ ಅಧ್ಯಾಪಕರ ಬಳಿಗೆ ಬಂದು, "ಸ್ವಾಮಿ, ನಿಮ್ಮ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ನೀವೇ ಒಂದು ಮಾತು ಹೇಳ್ಬುಡಿ" ಎಂದು ಕೈಮುಗಿಯುತ್ತಾನೆ. ಅಧ್ಯಾಪಕರು ಏನು ಮಾಡಬೇಕು? ತಂದೆಯ ಮಾತನ್ನು ತಮ್ಮ ಮಾತೆಂಬಂತೆ ಆಕೆಗೆ ದಾಟಿಸಿದರೆ ಆಕೆಯು ಇಟ್ಟ ನಂಬಿಕೆಯನ್ನು ಮಾರಿಕೊಂಡಂತಾಗುವುದು. ಮಗಳ ಪಕ್ಷ ಹಿಡಿದು ತಂದೆಯನ್ನು ಬೈದು ಕಳುಹಿಸಿದರೆ ಮರುದಿನವೇ ಆಕೆಯು ಕಾಲೇಜಿಗೆ ಬರುವುದು ನಿಂತೀತು. ಇಂತಹ ಸ್ಥಳದಲ್ಲಿ ಮಾರ್ಗದರ್ಶಕನು ಯಾರ ದೂತನೂ ಆಗಬಾರದು. ಇಬ್ಬರನ್ನೂ ಒಟ್ಟಿಗೆ ಕುಳ್ಳಿರಿಸಿ, ಹಿಂದಿನಿಂದ ಹೇಳಿದ ಮಾತನ್ನು ಎದುರಿನಲ್ಲಿ ಹೇಳಿಸುವುದೇ ಅವನು ಮಾಡಬಹುದಾದ ಕೆಲಸ. ಆ ಕೋಣೆಯಲ್ಲಿ ಮಗಳಿಗೂ ಮಾತನಾಡುವ ಅವಕಾಶವುಂಟೆಂದು ತಂದೆಗೆ ತಿಳಿದರೆ ಅರ್ಧ ಕೆಲಸ ಆದಂತೆ. ಕಲ್ಯಾಣದ ಅನುಭವಮಂಟಪದಲ್ಲಿ ಅಕ್ಕಮಹಾದೇವಿಯು ಪ್ರಶ್ನೆಗಳಿಗೆ ಎದುರಾಗಿ ನಿಂತು ಉತ್ತರಿಸಿದಳೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಮಾಜದಲ್ಲಿ, ಮನೆಯ ಮಗಳ ಉತ್ತರವನ್ನು ಕೇಳಲು ಯಾರಿಗೂ ಬಿಡುವಿಲ್ಲದಿರುವುದು ಸೋಜಿಗವೇ ಸರಿ. ಉತ್ತರವನ್ನು ಕೇಳಿದ ಮೇಲೆಯೂ ತಂದೆಯು ಒಪ್ಪದೆ ಹೋಗಬಹುದು. ಮಾರ್ಗದರ್ಶಕನು ಸೋಲುವ ಸ್ಥಳಗಳಿವೆ. ಅವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳಲ್ಲಿ ಮುಂದಾಳುತನವನ್ನು ಬೆಳೆಸಬೇಕೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಅದಕ್ಕಾಗಿ ಶಿಬಿರಗಳೂ ಭಾಷಣಗಳೂ ನಡೆಯುತ್ತಿವೆ. ವೇದಿಕೆಯ ಮೇಲೆ ಅಂಜದೆ ಮಾತನಾಡುವುದನ್ನು ಕಲಿತರೆ ಒಳ್ಳೆಯದೇ. ಗುಂಡ್ಲುಪೇಟೆಯು ಕೆ. ಎಸ್. ನಾಗರತ್ನಮ್ಮನವರನ್ನು ಶಾಸನಸಭೆಗೆ ಮತ್ತೆ ಮತ್ತೆ ಕಳುಹಿಸಿದ ಕ್ಷೇತ್ರ. ರಾಜ್ಯದ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು. ಆ ಪೀಠದಲ್ಲಿ ಕುಳಿತವರಿಗೆ ಭಾಷಣಕ್ಕಿಂತ ಬೇರೆಯವರ ಭಾಷಣವನ್ನು ಕೇಳುವ ಕೆಲಸವೇ ಹೆಚ್ಚೆಂಬುದು ಗಮನಿಸತಕ್ಕದ್ದು. ಮುಂದಾಳುತನದ ಹೆಸರಿನಲ್ಲಿ ಹುಡುಗರನ್ನು ತಮ್ಮ ಹಿಂದೆ ಬರುವ ಗುಂಪನ್ನಾಗಿ ಮಾಡಿಕೊಳ್ಳುವ ಹಿರಿಯರೂ ಇದ್ದಾರೆ. ಶುಲ್ಕವನ್ನು ತಾವು ಕಟ್ಟಿದೆವು, ಆದುದರಿಂದ ಮೆರವಣಿಗೆಗೆ ಬರಬೇಕು, ಚುನಾವಣೆಯಲ್ಲಿ ಓಡಾಡಬೇಕು ಎಂಬುದು ಅವರ ಲೆಕ್ಕ. ಶರಣರು ದಾನವೆಂಬ ಪದವನ್ನು ಬಿಟ್ಟು ದಾಸೋಹವೆಂಬ ಪದವನ್ನು ಹಿಡಿದುದು ಈ ಲೆಕ್ಕವನ್ನು ಹರಿದುಹಾಕುವುದಕ್ಕಾಗಿಯೇ. ದಾನದಲ್ಲಿ ಕೊಟ್ಟವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ; ಪಡೆದವನ ಮೇಲೆ ಅವನಿಗೆ ಹಕ್ಕಿಲ್ಲ. ಓದಿಸಿದ ಹುಡುಗನು ದೊಡ್ಡವನಾಗಿ ಎದುರು ಪಕ್ಷದಲ್ಲಿ ನಿಂತರೂ ದಾಸೋಹಿಗೆ ನಷ್ಟವಿಲ್ಲ.

ಹಾಗಾದರೆ ಮುಂದಾಳುತನವನ್ನು ಕಲಿಸುವುದೆಲ್ಲಿ? ಪ್ರಸಾದನಿಲಯದ ಅಡುಗೆಮನೆಯಲ್ಲಿಯೇ ಕಲಿಸಬಹುದು. ಅಕ್ಕಿಬೇಳೆಯ ಲೆಕ್ಕ, ಬಡಿಸುವ ಸರದಿ, ಹೊಸದಾಗಿ ಬಂದವರಿಗೆ ಕೋಣೆ ತೋರಿಸುವ ಕೆಲಸ, ಕಾಯಿಲೆ ಬಿದ್ದವನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಇವು ಹುಡುಗರ ಕೈಯಲ್ಲಿಯೇ ಇರಲಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಬೇಕಾದುದೆಷ್ಟು, ಹೆಚ್ಚಾದುದೆಷ್ಟು ಎಂಬ ಲೆಕ್ಕವು ಆಕೆಗೆ ತಿಳಿದಿದ್ದಿತು, ಗಂಡನೆಂದು ಸುಮ್ಮನಾಗಲಿಲ್ಲ. ಉಗ್ರಾಣದ ಬೀಗದಕೈ ಹಿಡಿದ ಇಪ್ಪತ್ತರ ಹುಡುಗನೊಬ್ಬನು ಸ್ನೇಹಿತನ ತಟ್ಟೆಗೆ ಹೆಚ್ಚು, ಬಡವನ ತಟ್ಟೆಗೆ ಕಡಿಮೆ ಮಾಡದೆ ಒಂದು ವರ್ಷ ನಡೆದುಕೊಂಡರೆ, ಮುಂದೆ ಸರ್ಕಾರದ ಬೀಗದಕೈ ಅವನ ಕೈಗೆ ಬಂದಾಗ ಅದರ ಫಲವನ್ನು ನೋಡಬಹುದು. ಅವನು ತಪ್ಪು ಮಾಡಿದರೆ ಅದು ಹತ್ತು ಸೇರು ಅಕ್ಕಿಯ ತಪ್ಪು, ತಿದ್ದಬಹುದಾದುದು. ಮೇಲ್ವಿಚಾರಕರು ಅವಸರದಿಂದ ಬೀಗದಕೈಯನ್ನು ಹಿಂದಕ್ಕೆ ಕಿತ್ತುಕೊಳ್ಳದಿದ್ದರೆ ಸಾಕು.

ಮಾರ್ಗದರ್ಶಕನು ನರೆತ ತಲೆಯವನೇ ಆಗಬೇಕೆಂಬ ನಿಯಮವೂ ಇಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆಗಳನ್ನು ಕಟ್ಟಿಸಿ ನಾಡಿನಲ್ಲಿ ಹೆಸರಾದ ಮೇಲೆ ಕಲ್ಯಾಣಕ್ಕೆ ಬಂದವರು. ಅವರಿಗೆ ಲಿಂಗದೀಕ್ಷೆಯನ್ನು ಕೊಟ್ಟವರು ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರು. ಕಳೆದ ವರ್ಷ ತಾನೇ ಮೊದಲ ಸೆಮಿಸ್ಟರಿನಲ್ಲಿ ಎಡವಿ ಎದ್ದ ಹುಡುಗಿಯೊಬ್ಬಳು ಈ ವರ್ಷ ಬಂದವಳ ಪಕ್ಕದಲ್ಲಿ ಕುಳಿತು "ನನಗೂ ಅದೇ ಪಾಠ ತಿಳಿಯಲಿಲ್ಲ" ಎಂದು ಹೇಳಿದರೆ, ಪ್ರಾಧ್ಯಾಪಕರ ಒಂದು ಗಂಟೆಯ ಉಪದೇಶಕ್ಕಿಂತ ಅದು ಬೇಗ ನಾಟುವುದು. ಹಳೆಯ ವಿದ್ಯಾರ್ಥಿಗಳೂ ಇದರಲ್ಲಿ ಪಾಲು ತೆಗೆದುಕೊಳ್ಳಬಹುದು. ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ದೊಡ್ಡ ಕೆಲಸಗಳಲ್ಲಿರುವವರು ವರ್ಷಕ್ಕೊಮ್ಮೆ ಹಣ ಕಳುಹಿಸುತ್ತಾರೆ, ಅದು ಬೇಕಾದುದೇ. ಅವರು ತಿಂಗಳಿಗೊಮ್ಮೆ ಒಬ್ಬ ಹುಡುಗನೊಡನೆ ಅರ್ಧ ಗಂಟೆ ದೂರವಾಣಿಯಲ್ಲಿ ಮಾತನಾಡಿದರೆ ಆ ಹಣಕ್ಕೆ ಮುಖವೊಂದು ಬರುವುದು.

ಈ ಕಾಳಜಿಯು ಸ್ವಜನರ ಮಕ್ಕಳಿಗೆ ಮೀಸಲೆ ಎಂಬ ಪ್ರಶ್ನೆಯನ್ನು ಬಹಳ ಹೊತ್ತು ಚರ್ಚಿಸಬೇಕಾಗಿಲ್ಲ. ಸಿದ್ಧಗಂಗೆಯ ಪಂಕ್ತಿಯಲ್ಲಿಯೂ ಸುತ್ತೂರಿನ ಪಂಕ್ತಿಯಲ್ಲಿಯೂ ಎಲ್ಲ ಜಾತಿಯ ಮಕ್ಕಳು ಕುಳಿತು ಉಂಡಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗಳೊಬ್ಬಳು ಕಾಡಿನ ಪೋಡಿನಿಂದ ಇಳಿದು ಚಾಮರಾಜನಗರದ ಕಾಲೇಜಿಗೆ ಬಂದರೆ ಆಕೆಗೆ ಕೇಳುವವರ ಅಗತ್ಯವು ಎಲ್ಲರಿಗಿಂತ ಹೆಚ್ಚು. ಯಾರವನೆಂದು ವಿಚಾರಿಸಿ ಬಳಿಕ ವಿಚಾರಿಸಿಕೊಳ್ಳುವುದು ಬಸವಣ್ಣನವರ ಮನೆಯ ಕ್ರಮವಲ್ಲ.

ಯಶಸ್ಸೆಂದರೇನೆಂಬುದನ್ನೂ ಮಾರ್ಗದರ್ಶಕರು ಒಮ್ಮೆ ಯೋಚಿಸಬೇಕು. ಉತ್ತೀರ್ಣರ ಸಂಖ್ಯೆಯು ಕಾಲೇಜಿಗೆ ಬೇಕು. ಅಂಕಗಳು ಕೆಲಸ ಕೊಡುವವರಿಗೆ ಬೇಕು. ಶಿವಕುಮಾರ ಸ್ವಾಮಿಗಳು ೧೯೨೭ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದವರು. ೧೯೩೦ರಲ್ಲಿ ಮಠ ಅವರನ್ನು ಕರೆಯಿತು, ಪದವಿಯು ಕೈಗೆ ಬರಲಿಲ್ಲ. ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಓದಿಸಿದವರಲ್ಲಿ ಪದವೀಧರರೆಷ್ಟು ಮಂದಿಯೆಂದು ಎಣಿಸುವುದು ಕಷ್ಟ. ಇದರಿಂದ ಪದವಿ ಬೇಡವೆಂದು ಅರ್ಥ ಮಾಡಬಾರದು. ಬಡ ರೈತನ ಮಗನಿಗೆ ಪದವಿಯು ಅನ್ನದ ದಾರಿ. ಆದರೆ ಅಂಕಗಳಿಗಿಂತ ಆಚೆಗೆ ಒಬ್ಬನಲ್ಲಿ ಏನಿದೆಯೆಂಬುದನ್ನು ಉದ್ದಾನ ಶಿವಯೋಗಿಗಳ ಕಣ್ಣು ಕಂಡಿತೆಂಬುದನ್ನು ಮರೆಯಬಾರದು.

ಗುರುವಿನ ಇಂತಹ ಕಣ್ಣಿಗೆ ನಿದರ್ಶನವನ್ನು ಹುಡುಕಿ ಚಾಮರಾಜನಗರದವರು ತುಮಕೂರಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಪಟ್ಟಣಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ ಹರದನಹಳ್ಳಿಯಿದೆ. ಅಲ್ಲಿನ ಗುರುಪೀಠದಲ್ಲಿದ್ದ ಗೋಸಲ ಚನ್ನಬಸವೇಶ್ವರರ ಬಳಿಗೆ ಬಾಲಕನೊಬ್ಬನು ಬಂದು ಸೇರಿದನು. ಗುರುಗಳು ಅವನನ್ನು ತಿದ್ದಿದರು, ಅರಿವನ್ನು ಕೊಟ್ಟರು, ತಮ್ಮ ಪೀಠದ ಹೊಣೆಯನ್ನೂ ಒಪ್ಪಿಸಿದರು. ಆ ಶಿಷ್ಯನು ಗುರುವಿನ ಊರಿನಲ್ಲಿಯೇ ನೆಲೆಸಲಿಲ್ಲ. ವಿರಕ್ತರ ಸಮೂಹವನ್ನು ಕೂಡಿಕೊಂಡು ನಾಡನ್ನು ಸುತ್ತಿದನು. ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ನಿಂತು ತೋಟದ ಸಿದ್ಧಲಿಂಗನೆನಿಸಿದನು. 'ಷಟ್‌ಸ್ಥಲ ಜ್ಞಾನಸಾರಾಮೃತ'ದ ೭೦೧ ವಚನಗಳನ್ನು ನುಡಿದನು. ಅವರ ಶಿಷ್ಯರು ಬೋಳಬಸವೇಶ್ವರರು. ಬೋಳಬಸವರ ಶಿಷ್ಯರಾದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದರು. ಮರುಳಶಂಕರದೇವರ ಮತ್ತು ಮುಕ್ತಾಯಕ್ಕನ ಪ್ರಸಂಗಗಳನ್ನು ಇಂದಿನ ಭಕ್ತರು ಕೇಳುತ್ತಿರುವುದು ಬಹುಮಟ್ಟಿಗೆ ಆ ಗ್ರಂಥದಿಂದಲೇ. ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಎಡೆಯೂರಿಗೆ ಪ್ರತಿದಿನವೂ ಜನ ಬರುತ್ತಾರೆ, ಜಾತ್ರೆಯಲ್ಲಂತೂ ಕಾಲಿಡಲು ಸ್ಥಳವಿರುವುದಿಲ್ಲ. ಗೋಸಲ ಚನ್ನಬಸವೇಶ್ವರರ ಹೆಸರನ್ನು ಬಲ್ಲವರು ಅವರಲ್ಲಿ ಕೆಲವರು; ಹರದನಹಳ್ಳಿಯನ್ನು ಕಂಡವರು ಇನ್ನೂ ಕೆಲವರು.